ನಮ್ಮತ್ತೆ ದೋಣಿಗೆ ನಾನು ಮಾಡಿದ ಟ್ರೇಲರ್

ನಮ್ಮತ್ತೆ ರವಿಕೆಯ ಬಲಗಡೆ ತೋಳು ಯಾವಾಗ್ಲೂ ಮೊದಲು ಹರಿದುಹೋಗ್ತಿತ್ತು. ಎಡಗಡೆ ಇನ್ನೂ ಅಂಗಡಿ ವಾಸನೆ ಹೊಡೀತಿರುವಾಗ್ಲೇ ಬಲಗಡೆ ಕಂಕುಳ ಹತ್ರ ಬಾಯಿ ಬಿಟ್ಕೊಂಡಿರ್ತಿತ್ತು. ವರ್ಷಗಟ್ಟಲೆ ಬಿದಿರು ಗಳ ಊರಿ ದೋಣಿ ತಳ್ಳಿದ ತೋಳು ಅದು. ನನ್ನ ತೊಡೆಯಷ್ಟು ದಪ್ಪ ಇತ್ತು ಅಂದ್ರೆ ಸುಳ್ಳು ಅಂತೀರಿ. ನನ್ನ ತೊಡೆ ನೋಡಿದ್ರೆ ಅನ್ನಲ್ಲ. ನಂಜನಗೂಡಿನ ಟೈಲರ್ ಒಬ್ಬ ಕೊನೆಕೊನೆಗೆ ಹೊಸ ರವಿಕೆ ಹೊಲಿಯುವಾಗ್ಲೇ ಬಲಗಡೆ ಒಳಗಿಂದ ಒಂದು ತೇಪೆ ಹಾಕಿ ಕೊಡೋಕೆ ಶುರುಮಾಡ್ದ. ಅತ್ತೆ ಅದನ್ನ ಬೆಳಕಿಗೆ ಹಿಡಿದು ನೋಡಿ, "ನೋಡ್ಲಾ, ಇವನು ಬುದ್ಧಿವಂತ. ಅರಿಯಕ್ ಮುಂಚೇನೇ ಒಲ್ದವ್ನೆ. ನೀನೂ ಇದ್ದೀಯಲ್ಲ, ಗೇಟಿನ್ ಬೆಸುಗೆ ಬಿಟ್ಕಂಡ್ ಮೇಲೆ ಬತ್ತೀಯ" ಅಂತ ಅಂಗಡಿ ಮುಂದೆ ನಿಂತಿದ್ದೋರಿಗೆಲ್ಲ ಕೇಳೋ ಹಂಗೆ ನನ್ನ ಮಾನ ಕಳೆದ್ಳು.

ಅತ್ತೆ ಅಂದ್ರೆ ನಮ್ಮಪ್ಪನ ಅಕ್ಕ. ನಂಜನಗೂಡು ದಾಟಿ ನರಸೀಪುರದ ಕಡೆ ಹೊಳೆ ಹರಿಯೋ ದಾರೀಲಿ, ದಡಕ್ಕೇ ಅಂಟ್ಕೊಂಡಿರೋ ಒಂದು ಸಣ್ಣ ಹಳ್ಳಿಗೆ ಕೊಟ್ಟಿದ್ರು. ಆ ಹಳ್ಳಿಯೋರು ನರಸೀಪುರದ ಬಸ್ಸು ಹಿಡೀಬೇಕಾದ್ರೆ ಆ ಕಡೆ ದಡಕ್ಕೆ ಹೋಗ್ಬೇಕು. ಹೈಸ್ಕೂಲು, ಆಸ್ಪತ್ರೆ, ಸಂತೆ, ಕೂಲಿ ಕೆಲಸ ಎಲ್ಲಾ ಆ ಕಡೆ. ಈ ಕಡೆ ಇದ್ದದ್ದು ಜನ ಮಾತ್ರ. ಸೇತುವೆ ಸುತ್ತಿ ಹೋದ್ರೆ ಬೆಳಿಗ್ಗೆ ಕೂಲಿಗೆ ಹೊರಟೋರು ಊಟದ ಹೊತ್ತಿಗೆ ತಲುಪ್ತಿದ್ರು. ಹಂಗಾಗಿ ದೋಣಿ ಆ ಊರಿನ ಬಾಗಿಲು.

ಮೊದಲು ಮಾವ ದೋಣಿ ನಡೆಸ್ತಿದ್ರು. ಕಾಮಾಲೆಯಾಗಿ ತೀರ್ಕೊಂಡಾಗ ಊರಿನ ದೊಡ್ಡೋರೆಲ್ಲ ಸೇರಿ, "ದೋಣಿ ಮಾರ್ಬುಟ್ಟು ಎಮ್ಮೆ ಕಟ್ಕಳವ್ವ" ಅಂದ್ರಂತೆ. ಅತ್ತೆ, "ಎಮ್ಮೆ ಆಲ್ ಕೊಡ್ತದೆ. ನಿಮ್ಮನ್ನೆಲ್ಲ ಆ ಕಡೆ ದಡಕ್ ಬುಟ್ ಬತ್ತದಾ?" ಅಂದು, ಕಾರ್ಯ ಮುಗಿದ ಮಾರನೇ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಗಳ ಹಿಡಿದ್ಳಂತೆ. ಅವತ್ತು ಹತ್ತಿದೋರು ಭಯದಲ್ಲಿ ಹತ್ತಿದ್ರಂತೆ. ಆಮೇಲೆ ಹತ್ತಿದೋರಿಗೂ ಭಯ ಇತ್ತು, ಹೊಳೆ ಭಯ ಅಲ್ಲ, ಅವಳ ಬಾಯಿಯ ಭಯ.

ದೋಣೀಲಿ ಅವಳದ್ದೇ ಕಾನೂನು. ಹತ್ತೋರನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ, ತೂಕ ಅಂದಾಜು ಮಾಡಿ, ಯಾರು ಎಲ್ಲಿ ಅಂತ ಕೂರಿಸ್ತಿದ್ಳು. "ಮೇಷ್ಟ್ರೇ, ನೀವು ಆ ಕುರಿ ಎದುರ್ಗಡೆ ಕೂತ್ಕಳಿ. ಇಬ್ರೂ ಸರಿಸಮ ಆಯ್ತೀರಿ." ಮೇಷ್ಟ್ರು ಕುರಿ ಮುಖ ನೋಡ್ಕೊಂಡು ಹೊಳೆ ದಾಟ್ತಿದ್ರು. ಊರಿನ ಯಾರಾದ್ರೂ ಅತ್ತೆ-ಸೊಸೆ ಜಗಳ ಆಡ್ಕೊಂಡು ಬಂದ್ರೆ, "ಅದ್ನ ದಡದಲ್ಲೇ ಇಟ್ಬುಟ್ ಅತ್ತಿ. ಯಾರೂ ಕದಿಯಕಿಲ್ಲ. ಬರುವಾಗ ತಕ್ಕಂಡೋಗೀರಂತೆ" ಅಂತಿದ್ಳು. ವಾಪಸ್ ಬರುವಾಗ ಅವರಿಗೆ ಜಗಳ ಎಲ್ಲಿಟ್ಟಿದ್ವಿ ಅಂತಲೇ ಮರೆತುಹೋಗಿರ್ತಿತ್ತು.

ಅತ್ತೆ ಮನೆ ಗೋಡೇಲಿ ಬುದ್ಧನ ಪಟ ಒಂದೇ. ಮಾವ ಇರುವಾಗ್ಲೇ ಅವರ ಮನೆಯೋರು ಆ ದಾರಿ ಹಿಡಿದಿದ್ರು. ನಮ್ಮನೇಲಿ ಮಾತ್ರ ದೇವರ ಪಟಗಳು ಗೋಡೆ ಸಾಲದೆ ಅಕ್ಕಿ ಡಬ್ಬದ ಮೇಲೂ ಕೂತಿದ್ವು. ಎರಡು ಮನೆ ನಡುವೆ ಅದಕ್ಕೆ ಯಾವತ್ತೂ ಜಗಳ ಆಗಲಿಲ್ಲ. ಆದ್ರೆ ನಾನು ಹೊಸ ಕೆಲಸಕ್ಕೆ ಕಾಯಿ, ಕರ್ಪೂರ, ನಿಂಬೆಹಣ್ಣು ಅಂತ ಹೊರಟಾಗ್ಲೆಲ್ಲ ಅತ್ತೆ ನಗೋಳು: "ಕಾಯಿ ಒಡಿಯೋ ಬದ್ಲು ಬೋಲ್ಟ್ ಬಿಗಿ ಮಾಡ್ಲಾ. ದೇವರಿಗೂ ಕೆಲ್ಸ ಕಮ್ಮಿ ಆಯ್ತದೆ."

ಇನ್ನು ನಾನು. ಐಟಿಐನಲ್ಲಿ ವೆಲ್ಡಿಂಗ್ ಕಲಿತು ನಂಜನಗೂಡಿನ ಒಂದು ಶೆಡ್ಡಲ್ಲಿ ಕೆಲಸಕ್ಕಿದ್ದೆ. ನಾನು ಮಾಡಿದ ಗೇಟುಗಳನ್ನ ತೆಗೆಯೋಕೆ ಇಬ್ರು ಬೇಕಿತ್ತು, ಒಬ್ರು ತಳ್ಳೋಕೆ, ಇನ್ನೊಬ್ರು ಎತ್ತಿ ಹಿಡಿಯೋಕೆ. ಕಳ್ಳರು ಒಂಟಿಯಾಗಿ ಬರ್ತಾರೆ, ಹಂಗಾಗಿ ಭದ್ರ ಅಂತ ನಾನು ವಾದ ಮಾಡ್ತಿದ್ದೆ. ಒಂದು ಕಬ್ಬಿಣದ ಮಂಚ ಮಾಡಿಕೊಟ್ಟಿದ್ದೆ. ಅದರ ಒಂದು ಕಡೆ ಎಷ್ಟು ಇಳಿಜಾರು ಅಂದ್ರೆ, ವರ್ಷಗಳಿಂದ ಮಾತು ಬಿಟ್ಟಿದ್ದ ಗಂಡ-ಹೆಂಡತಿ ಇಬ್ರೂ ರಾತ್ರಿ ಒಂದೇ ಮೂಲೆಗೆ ಉರುಳಿ ರಾಜಿಯಾಗ್ಬಿಟ್ರು. ಆ ಮಂಚ ವಾಪಸ್ ಬರಲಿಲ್ಲ. ನನ್ನ ಕೆಲಸಗಳಲ್ಲಿ ವಾಪಸ್ ಬರದೇ ಇದ್ದದ್ದು ಅದೊಂದೇ.

ಅತ್ತೆ ಹತ್ರ ಮೊದಲು ಇದ್ದದ್ದು ಮರದ ದೋಣಿ, ಆನೆಮರಿ ತೂಕದ್ದು. ಮಳೆಗಾಲದಲ್ಲಿ ಮೇಲಿನ ಡ್ಯಾಮಿಂದ ನೀರು ಬಿಡ್ತಾರೆ ಅಂತ ಜೀಪಿಗೆ ಮೈಕು ಕಟ್ಕೊಂಡು ಕೂಗಿದ ತಕ್ಷಣ ದೋಣೀನ ಎಳೆದು ದಡದ ಮೇಲೆ ಹಾಕ್ಬೇಕು. ಇಲ್ದಿದ್ರೆ ಹೊಳೆ ಕೊಂಡೊಯ್ಯುತ್ತೆ. ಮುಂಚೆ ಅದೊಂದು ಕಷ್ಟ ಅಂತ್ಲೇ ಯಾರಿಗೂ ಅನ್ನಿಸ್ತಿರ್ಲಿಲ್ಲ. ಅತ್ತೆ ದಡದಲ್ಲಿ ನಿಂತು ಒಂದು ಕೂಗು ಹಾಕಿದ್ರೆ ಊರಿನ ಗಂಡಸ್ರೆಲ್ಲ ಗದ್ದೆಯಿಂದ ಎದ್ದು ಬಂದು ಹಗ್ಗಕ್ಕೆ ಕೈ ಹಾಕ್ತಿದ್ರು. ತೊಂಬತ್ತರ ದಶಕ ಕಳೀತಾ ಬಂದಂಗೆ ಆ ಕೈಗಳೆಲ್ಲ ನಂಜನಗೂಡಿನ ಹತ್ರದ ತಾಂಡ್ಯದ ಫ್ಯಾಕ್ಟರಿಗಳಿಗೆ ಹೋದ್ವು. ಅರ್ಧ ಜನ ಶಿಫ್ಟಲ್ಲಿ, ಇನ್ನರ್ಧ ಜನ ರಾತ್ರಿ ಶಿಫ್ಟ್ ಮುಗಿಸಿ ಹಗಲು ಕಂಬಳಿ ಒಳಗೆ.

ಒಂದು ವರ್ಷ ಜೀಪು ಬಂದಾಗ ಅತ್ತೆ ಕೂಗಿದ್ರೆ ಯಾರೂ ಬರಲಿಲ್ಲ. ಮನೆ ಮನೆ ಬಾಗಿಲು ತಟ್ಟಿದ್ಳಂತೆ. ಒಬ್ಬ ಕಂಬಳಿ ಒಳಗಿಂದ್ಲೇ, "ಕಾಪಿ ಕುಡ್ಕಂಡ್ ಬತ್ತೀನಿ ನಡಿ" ಅಂದ. ಜಗಲಿ ಮೇಲೆ ಕೂತಿದ್ದ ಇನ್ನೊಬ್ಬ, "ಎಂಗಸ್ರು ದೋಣಿ ಇಟ್ಕಂಡ್ರೆ ಇಂಗೇಯಾ" ಅಂದ. ಅತ್ತೆ ಆ ಕಾಫಿ ಮುಗಿಯೋವರೆಗೂ ಮೊದಲನೇವನ ಬಾಗಿಲಲ್ಲೇ ನಿಂತಿದ್ಳು. ಕಾಫಿ ಮುಗೀತು, ಅವನು ಬಂದ. ಅಷ್ಟರಲ್ಲಿ ಹಗ್ಗ ಕಿತ್ಕೊಂಡು ದೋಣಿ ಒಂದು ಸುತ್ತು ತಿರುಗಿ ನರಸೀಪುರದ ಕಡೆ ಹೊರಟುಹೋಗಿತ್ತು.

ನಾನು ಸಮಾಧಾನ ಮಾಡೋಕೆ ಹೋಗಿದ್ದೆ. "ಹೋಗ್ಲಿ ಬಿಡಿ ಅತ್ತೆ, ಹಳೇ ದೋಣಿ" ಅಂದೆ.

"ದೋಣಿ ಓದದ್ದಕ್ಕಲ್ಲ ಕಣ್ಲಾ" ಅಂದ್ಳು. "ಅವನ್ ಕಾಪಿ ಕುಡಿಯೋಗಂಟ ಬಾಗ್ಲಲ್ಲಿ ಕಾಯ್ಕಂಡ್ ನಿಂತಿದ್ನಲ್ಲ, ಅದಕ್ಕೆ."

ಕೆಲವು ತಿಂಗಳಾದ ಮೇಲೆ ಅತ್ತೆ ಕಿವಿಯಲ್ಲಿದ್ದ ಓಲೆ ಕಾಣೆಯಾಯ್ತು, ದಡದಲ್ಲಿ ಹೊಸ ದೋಣಿ ಕಾಣಿಸ್ಕೊಂಡ್ತು. ಹೊಸದು ಅಂದ್ರೆ ಅವಳಿಗೆ ಹೊಸದು. ಯಾವುದೋ ಕೆರೇಲಿ ಟೂರಿಸ್ಟುಗಳನ್ನ ಸುತ್ತಾಡಿಸ್ತಿದ್ದೋರು ಮಾರಿದ ಫೈಬರ್ ದೋಣಿ. ಪಕ್ಕದಲ್ಲಿ ಹಂಸದ ಚಿತ್ರ ಬರೆದಿದ್ರು. ಬಣ್ಣ ಸುಲಿದು ಅದು ಜ್ವರ ಬಂದ ಕೋಳಿ ಥರ ಕಾಣ್ತಿತ್ತು. "ಇದೂ ಓಯ್ತು ಅಂದ್ರೆ ಇನ್ನ ನನ್ ಕಿವೀಲಿ ಏನೂ ಇಲ್ಲ ಅಳಿಯ" ಅಂದ್ಳು ನನ್ನ ಶೆಡ್ಡಿಗೆ ಬಂದು. "ಒಂದ್ ಗಾಡಿ ಮಾಡ್ಕೊಡು. ನೀರಿಂದ ದೋಣೀನ ಮೇಲೆ ಕೂರಿಸ್ಕಳಂಗಿರ್ಬೇಕು. ಯಾರ್ ಬಾಗ್ಲೂ ತಟ್ಟಂಗಿರ್ಬಾರ್ದು."

"ಟ್ರೇಲರ್ ಅತ್ತೆ!" ಅಂತ ನಾನು ಎದ್ದು ನಿಂತೆ. ಶೆಡ್ಡಿಗೆ ಬರ್ತಿದ್ದ ಒಂದು ಹಳೇ ಮ್ಯಾಗಜೀನಲ್ಲಿ ಅಂಥ ಗಾಡಿ ಫೋಟೋ ನೋಡಿದ್ದೆ. ಕೆಳಗೆ ಸಾಲಾಗಿ ರೋಲರುಗಳು, ಅದರ ಮೇಲೆ ದೋಣಿ ಉರುಳ್ಕೊಂಡು ಹತ್ತುತ್ತೆ. "ರೋಲರ್ ಹಾಕ್ತೀನಿ. ಚಿಕ್ಕ ಹುಡುಗಿ ಕೂಡ ಒಂದು ಬೆರಳಲ್ಲಿ ಎಳೀಬಹುದು."

"ರೋಲರ್ ಬ್ಯಾಡ. ಎರಡು ಉದ್ದನೆ ಅಲ್ಗೆ ಹಾಕು, ಮೇಲೆ ಹಳೇ ಟೈರ್ ರಬ್ಬರ್ ಒಡಿ. ದೋಣಿ ಜಾರ್ಕಂಡ್ ಬತ್ತದೆ, ಬಂದ್ ಮೇಲೆ ತೆಪ್ಪಗ್ ಕೂತಿರ್ತದೆ."

"ಹಲಗೆ ಎಲ್ಲಾ ಹಳೇ ಕಾಲದ್ದು ಅತ್ತೆ."

"ಇದು ತೆಳ್ಳನೆ ದೋಣಿ ಕಣ್ಲಾ, ಮರದ್ದಲ್ಲ. ಮಳೆಗಾಲ ಎಲ್ಲಾ ಗಾಡಿ ಮೇಲೇ ಕೂತಿರ್ಬೇಕು. ರೋಲರ್ ಆದ್ರೆ ಒಂದೊಂದ್ ಕಡೆ ಚುಚ್ಕಂಡ್ ಕೂರ್ತದೆ, ಒಟ್ಟೆ ತಗ್ಗಾಯ್ತದೆ. ಅಲ್ಗೆ ಆದ್ರೆ ಉದ್ದಕ್ಕೂ ಒತ್ಕಂಡಿರ್ತದೆ." ನಾನು ತಲೆ ಆಡಿಸಿದ ರೀತಿ ಅವಳಿಗೆ ಹಿಡಿಸಲಿಲ್ಲ. ಶೆಡ್ಡಿನ ಮೂಲೇಲಿದ್ದ ಎರಡು ಹಲಗೆ ಎಳೆದು ನೆಲದ ಮೇಲೆ ಜೋಡಿಸಿದ್ಳು. "ಮಲ್ಕೊ."

"ಯಾರು?"

"ನೀನೇ ದೋಣಿ. ಮಲ್ಕೊ."

ಓನರು, ನೇಗಿಲು ರಿಪೇರಿಗೆ ಬಂದಿದ್ದ ಇಬ್ರು ರೈತರು, ಟೀ ತಂದೋನು, ಎಲ್ಲಾ ನೋಡ್ತಾ ಇದ್ರು. ಹಲಗೆ ಮೇಲೆ ಮಲಗ್ದೆ. ಹಾಯಾಗಿತ್ತು. ಇನ್ನೊಂದು ನಿಮಿಷ ಬಿಟ್ಟಿದ್ರೆ ನಿದ್ದೆ ಬರ್ತಿತ್ತು. ಆಮೇಲೆ, ಗುಜರಿ ಅಂಗಡಿಯಿಂದ ನಾನು ಆಸೆಪಟ್ಟು ತಂದಿಟ್ಟಿದ್ದ ರೋಲರುಗಳನ್ನ ಸಾಲಾಗಿ ಇಟ್ಟು, "ಈಗ ಇದ್ರ ಮೇಲೆ" ಅಂದ್ಳು. ಮಲಗ್ದೆ. ಬೆನ್ನುಮೂಳೆಯ ಪ್ರತಿ ಮಣಿಗೂ ಒಂದೊಂದು ಪರಿಚಯ ಆಯ್ತು. ಆದ್ರೂ ಹಲ್ಲು ಕಚ್ಕೊಂಡು, "ಏನೂ ಆಗ್ತಿಲ್ಲ" ಅಂದೆ. ಅತ್ತೆ ಕಾಲಿನ ಹೆಬ್ಬೆರಳಿಂದ ನನ್ನ ಭುಜಾನ ಸುಮ್ನೆ ಹಿಂಗೆ ಮುಟ್ಟಿದ್ಳು ಅಷ್ಟೆ. ನಾನು ಶೆಡ್ಡಿನ ಉದ್ದಕ್ಕೂ ಉರುಳ್ಕೊಂಡು ಹೋಗಿ ಟೀ ತಂದೋನ ಕಾಲಿಗೆ ನಮಸ್ಕಾರ ಮಾಡ್ದೆ.

"ಕಂಡ್ಯಾ? ಮಲಗಕೂ ಆಗಕಿಲ್ಲ, ನಿಲ್ಲಕೂ ಆಗಕಿಲ್ಲ" ಅಂದು ಅತ್ತೆ ಹೊರಟ್ಳು.

ಯಾರಾದ್ರೂ ಆಗಿದ್ರೆ ಪಾಠ ಕಲೀತಿದ್ರು. ನನಗೆ ಮಾತ್ರ ಎಷ್ಟು ಚೆನ್ನಾಗಿ ಉರುಳ್ದೆ ಅನ್ನೋದಷ್ಟೇ ತಲೇಲಿ ಉಳೀತು. ಗಿರಾಕಿ ಹೇಳಿದ್ದನ್ನ ಮಾಡೋನು ಬರೀ ಕೆಲಸಗಾರ, ಹೇಳದೇ ಇದ್ದದ್ದನ್ನ ಮಾಡೋನು ಇಂಜಿನಿಯರು ಅಂತ ಆಗ ನನ್ನ ನಂಬಿಕೆ. ರೋಲರೇ ಹಾಕ್ದೆ. ಮುಂದೆ ದೋಣೀನ ಎಳೆಯೋಕೆ, ಬಾವಿ ರಾಟೆ ಥರ ಹಗ್ಗ ಸುತ್ತೋ ಒಂದು ಡ್ರಮ್ಮು, ಅದಕ್ಕೆ ಕೆಟ್ಟುಹೋದ ಕಬ್ಬಿನ ಹಾಲಿನ ಮಿಷನ್ನಿಂದ ಕಿತ್ತ ಹಲ್ಲುಚಕ್ರ, ತಿರುಗಿಸೋಕೆ ಒಂದು ಹ್ಯಾಂಡ್ಲು. ಎಲ್ಲಾದಕ್ಕೂ ಕೆಂಪು ಬಣ್ಣ ಬಳಿದು, ರೋಲರುಗಳಿಗೆ ಮದುವೆ ಮನೆ ಪಾಯಸಕ್ಕೆ ತುಪ್ಪ ಸುರಿದಂಗೆ ಗ್ರೀಸು ಸುರಿದು, ಟ್ರ್ಯಾಕ್ಟರಿಗೆ ಕಟ್ಟಿ ಹಳ್ಳಿಗೆ ತಗೊಂಡು ಹೋದೆ.

ಅತ್ತೆ ನೋಡಿದ್ಳು. ಸುತ್ತ ಒಂದು ಸುತ್ತು ಬಂದ್ಳು.

"ಅಲ್ಗೆ ಎಲ್ಲಿ?"

"ಅತ್ತೆ, ಸೈನ್ಸ್ ಪ್ರಕಾರ..."

"ಅಲ್ಗೆ ಎಲ್ಲಿ ಅಂದೆ."

"ನಾಳೆ ಹಾಕ್ತೀನಿ."

"ನಾಳೆ ಇವೆಲ್ಲ ಬಿಚ್ಚಿ ಅಲ್ಗೆ ಒಡಿ. ಬಂದದ್ದಕ್ಕೆ ಇವತ್ತು ದೋಣಿ ನೀರಿಗೆ ಇಳಿಸಾನ."

ಭಾನುವಾರ ಆದ್ದರಿಂದ ಊರಲ್ಲಿ ಗಂಡಸ್ರಿದ್ರು. ದಡದ ಮೇಲಿದ್ದ ದೋಣೀನ ಎತ್ತಿ ಟ್ರೇಲರ್ ಮೇಲೆ ಕೂರಿಸಿ, ಟ್ರೇಲರನ್ನ ಇಳಿಜಾರಲ್ಲಿ ನೀರಿಗೆ ಬೆನ್ನು ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ವಿ. ದೋಣಿ ಮೂತಿಗೆ ಡ್ರಮ್ಮಿನ ಹಗ್ಗದ ಕೊಕ್ಕೆ ಹಾಕಿತ್ತು. ಅತ್ತೆ ಗಳ ತರೋಕೆ ಮನೆಗೆ ಹೋದ್ಳು. ನಾನು ಕಾಯ್ತಿದ್ದದ್ದು ಅದಕ್ಕೇ. ಟ್ರ್ಯಾಕ್ಟರ್ ಸೀಟಿನ ಕೆಳಗೆ ಒಂದು ಬೂದುಗುಂಬಳ, ಚೆಂಡು ಹೂವಿನ ಹಾರ, ಕರ್ಪೂರ ಅಡಗಿಸಿ ತಂದಿದ್ದೆ. ದೃಷ್ಟಿ ತೆಗೆಯದೆ ಹೊಸ ಗಾಡಿ ನೀರಿಗೆ ಇಳಿಸೋದುಂಟಾ? ಹಾರ ಹಾಕೋಕೆ ಹೋದ್ರೆ ಆ ಕೊಕ್ಕೆ ಅಡ್ಡ ಬಂತು. ಹೂವು ಬಾಡುತ್ತಲ್ಲ ಅಂತ ಕೊಕ್ಕೆ ಬಿಚ್ಚಿ ಪಕ್ಕಕ್ಕಿಟ್ಟೆ.

ಹೂವಿಗೆ ನೋವಾಗ್ಬಾರ್ದು ಅಂತ ದೋಣೀನ ಬಿಡುಗಡೆ ಮಾಡಿದ ಇಂಜಿನಿಯರು ಜಗತ್ತಲ್ಲಿ ನಾನೊಬ್ನೇ ಇರ್ಬೇಕು.

ಹಾರ ಹಾಕಿ, ಕುಂಬಳಕಾಯಿ ಮೇಲೆ ಕರ್ಪೂರ ಹಚ್ಚಿ, ಎರಡೂ ಕೈಲಿ ಹಿಡ್ಕೊಂಡು ದೋಣಿ ಒಳಕ್ಕೆ ಹತ್ತಿ ಹಿಂಭಾಗದಲ್ಲಿ ನಿಂತೆ. ಮೊದಲನೇ ಸುತ್ತು ಇಳಿ ತೆಗೆದೆ. ಎರಡನೇ ಸುತ್ತಿಗೆ ದಡದಲ್ಲಿದ್ದೋರೆಲ್ಲ ಹಿಂದೆ ಹಿಂದೆ ಸರಿದಂಗೆ ಕಂಡ್ರು. ಭಕ್ತಿಯಿಂದ ಜಾಗ ಬಿಡ್ತಿದ್ದಾರೆ ಅಂದ್ಕೊಂಡೆ. ಸರೀತಿದ್ದದ್ದು ನಾನು. ಗ್ರೀಸು, ಇಳಿಜಾರು, ಹಿಂದೆ ನಿಂತ ನನ್ನ ಭಾರ ಮೂರೂ ಸೇರಿ ದೋಣಿ ಒಂದು ಸದ್ದೂ ಮಾಡದೆ ರೋಲರ್ ಮೇಲಿಂದ ಜಾರಿ, ಕೆಸರಲ್ಲಿ ಸುಯ್ಯಂತ ಹೋಗಿ ಹೊಳೆಗೆ ಬಿತ್ತು. ನಾನು ಹಾಗೇ ನಿಂತಿದ್ದೆ, ಕೈಲಿ ಕುಂಬಳಕಾಯಿ, ಅದರ ಮೇಲೆ ಉರೀತಿರೋ ಕರ್ಪೂರ. ಗಳ ಇಲ್ಲ, ಹುಟ್ಟು ಇಲ್ಲ, ಈಜು ಬರಲ್ಲ. ಕರ್ಪೂರ ಬೆರಳಿಗೆ ಬಂದಾಗ ಕುಂಬಳಕಾಯಿ ನೀರಿಗೆ ಎಸೆದೆ. ಅದು ನನಗಿಂತ ಮುಂದೆ ಮುಂದೆ ತೇಲ್ಕೊಂಡು ದಾರಿ ತೋರಿಸ್ತಾ ಹೋಯ್ತು. ಇನ್ನು ಸ್ವಲ್ಪ ಬಿಟ್ಟಿದ್ರೆ ನರಸೀಪುರದ ಸಂಗಮ ಸೇರಿ, ಅಲ್ಲಿಂದ ಕಾವೇರಿ ಜೊತೆ ತಮಿಳುನಾಡಿಗೆ ಹೋಗಿ, ನೀರಿನ ಜಗಳದಲ್ಲಿ ಅವರ ಪಾಲಿಗೆ ನಾನೂ ಲೆಕ್ಕಕ್ಕೆ ಬರ್ತಿದ್ದೆ.

ದಡದಿಂದ ಒಂದು ನಗು ಕೇಳಿಸ್ತಿತ್ತು. ಅತ್ತೆ ಮಗಳದ್ದು. ಅವಳಿಗೂ ನನಗೂ ಮದುವೆ ಮಾಡ್ಬೇಕು ಅಂತ ಎರಡು ಮನೇಲೂ ಒಂದು ಮಾತಿತ್ತು. ಆ ನಗು ಕೇಳಿದ ಮೇಲೆ ಆ ಮಾತನ್ನ ಯಾರೂ ಎತ್ತಲಿಲ್ಲ.

ಮೀನು ಹಿಡಿಯೋರ ತೆಪ್ಪ ಒಂದು ದಡದಲ್ಲಿತ್ತು. ಅತ್ತೆ ಅದರಲ್ಲಿ ಬಂದು, ದೋಣಿಗೆ ಹಗ್ಗ ಹಾಕಿ, ನನ್ನ ಮುಖ ನೋಡಿದ್ಳು. ನಾನು ಬೈಗುಳಕ್ಕೆ ತಲೆ ಬಗ್ಗಿಸ್ದೆ.

"ಎಷ್ಟ್ ಜನ ತಳ್ಳುದ್ರು?" ಅಂದ್ಳು.

"ಯಾರೂ ತಳ್ಳಲಿಲ್ಲ ಅತ್ತೆ."

"ಯಾರೂ?"

"ಯಾರೂ ಮುಟ್ಟಲೂ ಇಲ್ಲ. ನಾನು ಕುಂಬಳಕಾಯಿ..."

"ಕುಂಬ್ಳಕಾಯಿ ಕತೆ ಆಮೇಲೆ ಯೋಳು." ಅತ್ತೆ ತಿರುಗಿ ದಡದಲ್ಲಿದ್ದ ಕೆಂಪು ಟ್ರೇಲರನ್ನ ಒಂದು ಗಳಿಗೆ ನೋಡಿದ್ಳು. ಅವಳ ಮುಖದಲ್ಲಿ ಏನೋ ಬದಲಾಯ್ತು. "ಯಾರೂ ಮುಟ್ದೆ ಇಂಗ್ ಇಳೀತದೆ ಅಂದ್ರೆ, ಒಬ್ಳು ಮುಟ್ಟುದ್ರೆ ಅಂಗೇ ಮೇಲಕ್ ಅತ್ತದೆ. ರೋಲರೇ ಇರ್ಲಿ."

"ಬೇಡ ಅತ್ತೆ! ನಿಮ್ಮ ಮಾತೇ ಸರಿ. ಹಲಗೇನೇ ಹಾಕ್ತೀನಿ."

"ಸುಮ್ಕಿರ್ಲಾ."

"ಹೊಟ್ಟೆ ತಗ್ಗಾಗುತ್ತೆ ಅಂದ್ರಲ್ಲ. ಚುಚ್ಚುತ್ತೆ ಅಂದ್ರಲ್ಲ. ನಾನು ಮಲಗಿ ನೋಡಿದ್ದೀನಿ, ಚುಚ್ಚುತ್ತೆ!"

"ಅಲ್ಗೆ ಆದ್ರೆ ಗಾಡೀನ ಅರ್ಧ ನೀರಿಗೆ ಇಳಿಸ್ಬೇಕು, ದೋಣಿ ತೇಲ್ಕಂಡ್ ಬಂದ್ ಮೇಲ್ ಕೂರ್ಬೇಕು. ಮಳೆಗಾಲದ್ ಕೆಸ್ರಲ್ಲಿ ಅದ್ನ ಇಳಿಸೋರ್ಯಾರು? ಮತ್ತೆ ಗಂಡಸ್ರ ಬಾಗ್ಲು ತಟ್ಬೇಕು. ಇದಾದ್ರೆ ಗಾಡಿ ದಡದಲ್ಲೇ ನಿಂತಿರ್ತದೆ, ಹಗ್ಗ ಎಳಕಂಡ್ ಬತ್ತದೆ. ಒಟ್ಟೆಗೆ ಬೇರೆ ದಾರಿ ಮಾಡಾನ."

ಹೀಗೆ ಹೊಳೆ ಮಧ್ಯದಲ್ಲಿ, ಅವಳು ತೆಪ್ಪದಲ್ಲಿ, ನಾನು ದೋಣೀಲಿ, ನನ್ನ ಮಾತನ್ನ ಅವಳೂ ಅವಳ ಮಾತನ್ನ ನಾನೂ ವಾದ ಮಾಡ್ಕೊಂಡು ದಡಕ್ಕೆ ಬಂದ್ವಿ. ಅವಳೇ ಗೆದ್ದಳು. ಮೊದಲ ಸಲ ನನ್ನ ಪಕ್ಷ ಗೆದ್ದಿತ್ತು, ಆದ್ರೂ ನನಗೆ ಖುಷಿಯಾಗ್ಲಿಲ್ಲ.

ಹೊಟ್ಟೆಗೆ ಅವಳು ಮಾಡಿದ ದಾರಿ ಅಂದ್ರೆ, ಗೋಣಿಚೀಲಕ್ಕೆ ಭತ್ತದ ಹುಲ್ಲು ಬಿಗಿಯಾಗಿ ತುಂಬಿ ಹೊಲಿದು, ದೋಣಿ ಹತ್ತಿಸಿದ ಮೇಲೆ ರೋಲರ್ ರೋಲರ್ ನಡುವಿನ ಸಂದಿಗೆ ಗಿಡಿಯೋದು. ದೋಣಿಯ ಭಾರ ಹುಲ್ಲಿನ ಮೇಲೆ ಕೂರ್ತಿತ್ತು. ನಾನು ಅದಕ್ಕೆ ಐಟಿಐನಲ್ಲಿ ಕಲಿತ ಒಂದು ದೊಡ್ಡ ಹೆಸರು ಕೊಟ್ಟೆ. ಅತ್ತೆ, "ದಿಂಬು ಅನ್ಲಾ, ಸಾಕು" ಅಂದ್ಳು.

ಆ ಮಳೆಗಾಲದಲ್ಲೇ ಪರೀಕ್ಷೆ ಬಂತು. ಮಧ್ಯಾಹ್ನ ಜೀಪು ಕೂಗ್ಕೊಂಡು ಬಂದಾಗ ನಾನು ಅಲ್ಲೇ ಇದ್ದೆ. ಹೊಳೆ ಬಣ್ಣ ಆಗ್ಲೇ ಟೀ ಥರ ಆಗಿತ್ತು. ಟ್ರ್ಯಾಕ್ಟರಿನೋನು, "ಕೆಸರಿಗೆ ಇಳಿಸಲ್ಲ ಕಣವ್ವ. ದೋಣಿ ಮೇಲ್ ಕೂರಿಸ್ಕಳಿ, ರಸ್ತೆಯಿಂದ್ಲೇ ಹಗ್ಗ ಹಾಕಿ ಗಾಡಿ ಎಳೀತೀನಿ" ಅಂದು ಮೇಲೆ ನಿಂತ. ಅಂದ್ರೆ ನೀರಿಂದ ಟ್ರೇಲರ್ ಮೇಲಕ್ಕೆ ದೋಣಿ ತರೋದು ನಮ್ಮ ಪಾಲು. ಟ್ರೇಲರ್ ಚಕ್ರ ಕೆಸರಲ್ಲಿ ಅರ್ಧ ಹೂತಿತ್ತು. ಇನ್ನೊಂದು ಗೇಣು ನೀರಿಗೆ ತಳ್ಳು ಅಂದ್ರೂ ಆಗ್ತಿರ್ಲಿಲ್ಲ. ಹಲಗೆ ಹಾಕಿದ್ದಿದ್ರೆ ಅವತ್ತೇ ಕತೆ ಮುಗೀತಿತ್ತು.

"ನೀನು ನೀರಿಗಿಳ್ದು ಹಿಂದ್ಗಡೆ ಹಿಡ್ಕೊ, ಅತ್ತಿತ್ತ ಓಗ್ದಂಗೆ. ತಿರುಗ್ಸೋದು ನಂಗ್ ಬುಡು" ಅಂದ್ಳು.

ಸೊಂಟದವರೆಗೂ ನೀರಲ್ಲಿ ನಿಂತೆ. ಹೊಳೆ ದೋಣೀನ ಒಂದು ಕಡೆ ಎಳೆದ್ರೆ ನಾನು ಇನ್ನೊಂದು ಕಡೆ. ನಾನು ಹಿಡಿದಿದ್ನೋ, ದೋಣಿಗೆ ಜೋತುಬಿದ್ದಿದ್ನೋ, ಹೇಳೋದು ಕಷ್ಟ. ಅತ್ತೆ ಹ್ಯಾಂಡ್ಲು ತಿರುಗಿಸಿದ್ಳು. ಕಟಕಟ ಅಂತ ಚಕ್ರದ ಹಲ್ಲು ಕಚ್ಕೊಂಡು ಹಗ್ಗ ಬಿಗಿಯಾಯ್ತು. ದೋಣಿ ಮೂತಿ ಮೊದಲನೇ ರೋಲರ್ ಮುಟ್ತು, ಎದ್ದು ನಿಂತಿತು, ಹತ್ತೋಕೆ ಶುರುಮಾಡ್ತು. ಜ್ವರ ಬಂದ ಕೋಳಿ ನೀರಿಂದ ಎದ್ದು ಬಂದಂಗೆ. ಅಷ್ಟರಲ್ಲಿ ಮೊದಲ ಶಿಫ್ಟ್ ಮುಗಿಸ್ಕೊಂಡು ನಾಲ್ಕೈದು ಗಂಡಸ್ರು ಬಂದು ಹಗ್ಗಕ್ಕೆ ಕೈ ಹಾಕಿದ್ರು. ಅದರಲ್ಲಿ ಆ ಕಾಫಿಯೋನೂ ಇದ್ದ.

"ಕೈ ತೆಗೀರಿ" ಅಂದ್ಳು ಅತ್ತೆ.

"ಅಲ್ಲ ಕಣಕ್ಕ, ನೀನೊಬ್ಳೇ..."

"ಕೈ ತೆಗೀರಿ ಅಂದೆ. ನನ್ ಅಳಿಯ ಮಾಡಿರೋ ಗಾಡಿ ಇದು, ಒಂದ್ ಕೈಲಿ ಬತ್ತದೆ. ನೀವು ಓಗಿ ಕಾಪಿ ಕುಡೀರಿ."

ಅವರು ಕೈ ತೆಗೆದು ನೋಡ್ತಾ ನಿಂತ್ರು. ದೋಣಿ ಪೂರ್ತಿ ಮೇಲೆ ಬಂತು. ಟ್ರ್ಯಾಕ್ಟರ್ ಎಳೀತು. ಸಂಜೆ ಹೊತ್ತಿಗೆ ನಾವು ನಿಂತಿದ್ದ ಜಾಗದ ಮೇಲೆ ಹೊಳೆ ಹರೀತಿತ್ತು, ದೋಣಿ ಊರೊಳಗೆ ಹೊಂಗೆ ಮರದ ಕೆಳಗೆ ಹುಲ್ಲಿನ ದಿಂಬಿನ ಮೇಲೆ ಮಲಗಿತ್ತು.

ಅಲ್ಲಿಂದ ಮುಂದೆ ಪ್ರತಿ ಮಳೆಗಾಲದಲ್ಲೂ ಅದೇ ಕ್ರಮ. ಅವಳು ಹ್ಯಾಂಡ್ಲಲ್ಲಿ, ನಾನು ನೀರಲ್ಲಿ. ಅತ್ತೆ ದೋಣಿ ಹತ್ತಿದೋರಿಗೆಲ್ಲ ನನ್ನ ಗಾಡಿ ವಿಷಯ ಹೇಳೋಳು. ನರಸೀಪುರದ ಕಡೆಯಿಂದ ಮೀನು ಹಿಡಿಯೋರು, ಮರಳು ದೋಣಿಯೋರು ನನ್ನ ಹುಡುಕ್ಕೊಂಡು ಶೆಡ್ಡಿಗೆ ಬಂದ್ರು. ಅವರಿಗೆಲ್ಲ ನಾನು ಎದೆ ಉಬ್ಬಿಸಿ, "ರೋಲರ್ ಹಾಕ್ಸಿ. ನಮ್ಮತ್ತೆ ಒಂದ್ ಕೈಲಿ ಎಳೀತಾರೆ" ಅಂತಿದ್ದೆ. ಆ ಮಾತಿನ ಮೇಲೆ ನನ್ನದೇ ಶೆಡ್ಡು ಆಯ್ತು. ಗೇಟು, ಮಂಚ ಬಿಟ್ಟು ನಾನು ಗಾಡಿ ಮಾಡೋನಾದೆ. ಜನ ನನ್ನನ್ನ ನಂಬೋಕೆ ಶುರುಮಾಡಿದ್ರು, ನನಗೇ ನಂಬೋಕಾಗ್ತಿರ್ಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಅತ್ತೆ ಹೋದಳು. ಮಧ್ಯಾಹ್ನದ ಜನಾನ ಆ ಕಡೆ ಬಿಟ್ಟು ಬಂದು, ಉಂಡು, ದೋಣಿ ನೆರಳಿಗೆ ಒರಗಿದೋಳು ಏಳಲಿಲ್ಲ. ಸಂಜೆ ಜನ ಆ ಕಡೆ ದಡದಲ್ಲಿ ನಿಂತು ಕೂಗಿದ್ರಂತೆ. ಯಾವತ್ತೂ ಒಂದು ಕೂಗಿಗೆ ಬೈಕೊಂಡು ಬರ್ತಿದ್ದೋಳು ಬರಲಿಲ್ಲ ಅಂದಾಗ್ಲೇ ಅವರಿಗೆ ಗೊತ್ತಾಯ್ತಂತೆ. ಗಳಾನ ಅತ್ತೆ ಮಗಳು ಹಿಡಿದ್ಳು. ಅವಳಿಗೆ ಆಗ್ಲೇ ಬೇರೆ ಕಡೆ ಮದುವೆಯಾಗಿತ್ತು, ಗಂಡ ಆ ಊರಿಗೇ ಬಂದು ನೆಲೆಸಿದ್ದ. ಅವನು ಪುಣ್ಯವಂತ, ನಾನು ಕುಂಬಳಕಾಯಿ ಹಿಡ್ಕೊಂಡಿದ್ದನ್ನ ನೋಡಿರಲಿಲ್ಲ.

ಮಳೆಗಾಲ ಬಂತು. ಜೀಪು ಬಂತು. ನಾನು ನಂಜನಗೂಡಿಂದ ಬೈಕಲ್ಲಿ ಹೊರಟೆ. ಹೋಗಿ ನೋಡಿದ್ರೆ ದಡದ ತುಂಬ ಗಂಡಸ್ರು. ಶಿಫ್ಟಿಗೆ ರಜ ಹಾಕಿ ಬಂದಿದ್ರು, ಯಾರೂ ಬಾಗಿಲು ತಟ್ಟಿರಲಿಲ್ಲ. ಕಾಫಿಯೋನು ಎಲ್ಲರಿಗಿಂತ ಮುಂದೆ ನಿಂತಿದ್ದ. "ನಾವೇ ಎತ್ತಿ ಇಡ್ತೀವಿ ಕಣಪ್ಪ. ಅಕ್ಕನ ದೋಣಿ" ಅಂದ.

ಅವನ ಕಣ್ಣು ಒದ್ದೆಯಾಗಿತ್ತು. ಬೇಡ ಅನ್ನೋಕೆ ಕಷ್ಟ ಆಯ್ತು. ಆದ್ರೂ ಅಂದೆ. "ಬೇಡಣ್ಣ. ಇದು ಒಬ್ರ ಕೆಲಸ. ಅದಕ್ಕೇ ಮಾಡಿರೋ ಗಾಡಿ."

ಅತ್ತೆ ಮಗಳು ನೀರಿಗಿಳಿದು ದೋಣಿ ಹಿಂಭಾಗ ಹಿಡಿದ್ಳು. ಹ್ಯಾಂಡ್ಲು ಹತ್ರ ನಾನು ನಿಂತೆ. ಅಷ್ಟು ವರ್ಷದಲ್ಲಿ ನಾನು ಆ ಜಾಗದಲ್ಲಿ ನಿಂತದ್ದು ಅದೇ ಮೊದಲು. ಬಣ್ಣ ಬಳಿದಿದ್ದು ನಾನೇ, ಗ್ರೀಸ್ ಹಾಕಿದ್ದು ನಾನೇ, ದೋಣಿ ಕಟ್ಟಿದಾಗ ತಿರುಗಿಸಿದ್ದು ಮಾತ್ರ ಯಾವತ್ತೂ ಅವಳು.

ಸುಲಭವಾಗಿ ಒಂದು ಕೈ ಹಾಕ್ದೆ. ಅಲ್ಲಾಡಲಿಲ್ಲ. ಚಕ್ರ ತುಕ್ಕು ಹಿಡಿದಿರ್ಬೇಕು ಅಂತ ಬಗ್ಗಿ ನೋಡ್ದೆ. ತುಕ್ಕು ಇರಲಿಲ್ಲ, ಯಾರೋ ನೀಟಾಗಿ ಎಣ್ಣೆ ಬಿಟ್ಟಿದ್ರು. ಎರಡು ಕೈ ಹಾಕ್ದೆ. ಕಾಲು ಕೆಸರಲ್ಲಿ ಊರಿ, ಮೈಯೆಲ್ಲಾ ಹೇರಿ ಒತ್ತಿದಾಗ ಒಂದು ಹಲ್ಲು ಕಟ್ ಅಂತ ಮುಂದೆ ಹೋಯ್ತು. ಇನ್ನೊಂದು. ನಾಲ್ಕೈದು ಹಲ್ಲಿಗೆ ನನ್ನ ಭುಜ ಬೆಂಕಿ ಆಯ್ತು, ಉಸಿರು ನಾಯಿ ಥರ ಆಯ್ತು. ಕಬ್ಬು ಹಿಂಡೋಕೆ ಮಾಡಿದ ಹಲ್ಲುಚಕ್ರ ಅದು, ದೋಣಿ ಎಳೆಯೋಕಲ್ಲ. ಗೇರ್ ಲೆಕ್ಕ ಪೂರ್ತಿ ತಪ್ಪಾಗಿತ್ತು. ರೋಲರ್ ಹಾಕಿದ್ರೆ ಬೆರಳಲ್ಲಿ ಬರುತ್ತೆ ಅಂತ ನಾನು ಅರ್ಧ ತಾಲ್ಲೂಕಿಗೆ ಹೇಳಿಕೊಂಡು ತಿರುಗಿದ್ದೆ. ರೋಲರ್ ತಮ್ಮ ಕೆಲಸ ಮಾಡ್ತಿದ್ವು. ಉಳಿದದ್ದನ್ನ ಅಷ್ಟು ವರ್ಷ ಎಳೆದದ್ದು ಅವಳ ತೋಳು.

ನನ್ನ ಗೇಟನ್ನ ಬೈದಿದ್ಳು. ಮಂಚಾನ ಬೈದಿದ್ಳು. ನಾನು ಸ್ಟೂಲು ಮಾಡಿದ್ರೆ ಕೂತು ನೋಡಿ ಬೈಯೋಳು, ಕೂರದೇನೂ ಬೈಯೋಳು. ಇದೊಂದನ್ನ ಬೈಯಲಿಲ್ಲ. "ಭಾರ ಕಣ್ಲಾ, ಸರಿ ಮಾಡು" ಅಂತ ಒಂದು ಮಾತು ಹೇಳಿದ್ರೆ ಮಾರನೇ ದಿನ ಚಕ್ರ ಬದಲಾಯಿಸ್ತಿದ್ದೆ. ಆದ್ರೆ ಆ ಗಂಡಸ್ರ ಮುಂದೆ ನನ್ನ ಹೆಸರು ಹೇಳಿ ಒಂದ್ ಕೈಲಿ ಬತ್ತದೆ ಅಂದುಬಿಟ್ಟಿದ್ಳಲ್ಲ. ಆ ಮಾತನ್ನ ಅವಳು ವಾಪಸ್ ತಗೊಳ್ಳಲಿಲ್ಲ. ಅದರ ಮೇಲೆ ನಾನು ಶೆಡ್ಡು ಕಟ್ಟಿದೆ.

"ಯಾಕ್ ನಿಂತ್ಬುಟ್ಟೆ?" ಅಂತ ನೀರಿಂದ ಅತ್ತೆ ಮಗಳು ಕೂಗಿದ್ಳು.

ಕಾಫಿಯೋನು ಒಂದು ಹೆಜ್ಜೆ ಮುಂದೆ ಬಂದ. "ಭಾರವಾ? ಕೈ ಹಾಕ್ಲಾ?"

"ಎಲ್ಲಣ್ಣ ಭಾರ?" ಅಂದೆ. "ಒಂದ್ ಕೈಲಿ ಬತ್ತದೆ."

ಅಂದು, ಎರಡೂ ಕೈ ಹಾಕಿ ತಿರುಗಿಸ್ದೆ.